ಪೋಸ್ಟ್ ಕಾರ್ಡಿನಷ್ಟು ಜಾಗದ ಮೇಲೆ ಒಂದು ಕಾರು

2024ರ ಜೂನ್ 23, ಭಾನುವಾರ. ಬೆಳಿಗ್ಗೆ ಏಳು ದಾಟಿತ್ತಷ್ಟೆ. ಚಳ್ಳಕೆರೆ ತಾಲ್ಲೂಕಿನ ಬಯಲಿನ ಮೇಲೆ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ತಾನು ತೂಗಿಕೊಂಡು ಬಂದಿದ್ದ ರೆಕ್ಕೆಯ ವಾಹನವೊಂದನ್ನು ಕೈಬಿಟ್ಟಿತು. ಇಸ್ರೋದ ‘ಪುಷ್ಪಕ್’ ಅದು. ಒಳಗೆ ಚಾಲಕನಿಲ್ಲ. ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇಗೆ ಚಕ್ರ ತಾಗಿಸಿದಾಗ ಅದರ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಹಿಂದೆ ಪ್ಯಾರಾಚೂಟು ಬಿಚ್ಚಿಕೊಂಡು ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿತು. ಆಮೇಲಷ್ಟೇ ಚಕ್ರದ ಬ್ರೇಕಿನ ಸರದಿ. ಓಟದುದ್ದಕ್ಕೂ ಬಾಲದ ಚುಕ್ಕಾಣಿಯೂ ಮುಂದಿನ ಚಕ್ರವೂ ಸೇರಿ ವಾಹನ ಓರೆಯಾಗದಂತೆ ನೋಡಿಕೊಂಡವು.

ಆಕಾಶದಿಂದ ಇಳಿದ ವಾಹನಕ್ಕೂ ಕೊನೆಗೆ ಬೇಕಾದದ್ದು ನೇರವಾಗಿ ಉರುಳುವ ಚಕ್ರ. ಅದೇ ತಾಲ್ಲೂಕಿನ ಬಳ್ಳಾರಿ ಹೆದ್ದಾರಿಯಲ್ಲಿ ದಿನವೂ ಓಡುವ ಕಾರುಗಳ ಚಕ್ರಗಳ ಬಗ್ಗೆ ಮಾತ್ರ ಯಾರಿಗೂ ಅಷ್ಟು ಆಸ್ಥೆ ಇಲ್ಲ. ಅದರಲ್ಲೂ ಕಾರನ್ನು ‘ತಗ್ಗಿಸುವ’ ಹುಚ್ಚು ಹತ್ತಿದ ಹುಡುಗರಿಗೆ ಚಕ್ರವೆಂದರೆ ಹೊಳೆಯುವ ರಿಮ್ಮು, ಅಷ್ಟೆ. ಸ್ಪ್ರಿಂಗ್ ಬದಲಿಸಿಯೋ ಕತ್ತರಿಸಿಯೋ ಕಾರನ್ನು ನೆಲಕ್ಕೆ ನಾಲ್ಕು ಬೆರಳು ಹತ್ತಿರ ತರುತ್ತಾರೆ. ಕಾಲೇಜಿಗೆ ಹೋಗುವ ಮಗ ಇದಕ್ಕೆ ದುಡ್ಡು ಕೇಳಿದಾಗ ‘ಬೇಡ’ ಎನ್ನುವ ತಂದೆಗೆ ಯಾಕೆ ಬೇಡ ಎಂದು ಹೇಳಲು ಬರುವುದಿಲ್ಲ. ಮಗನಿಗೂ ಯಾಕೆ ಬೇಕು ಎಂದು ಗೊತ್ತಿರುವುದಿಲ್ಲ. ಇಬ್ಬರೂ ಕೂತು ಒಂದಿಷ್ಟು ಲೆಕ್ಕ ಹಾಕಿದರೆ ಜಗಳ ಅರ್ಧಕ್ಕರ್ಧ ಇಳಿದೀತು.

ಮೊದಲ ಲೆಕ್ಕ ಗಾಳಿಯದು. ಜನ ಕೂತ ಒಂದು ಸಣ್ಣ ಕಾರಿನ ತೂಕ 1,100 ಕಿಲೋ ಎಂದಿಟ್ಟುಕೊಳ್ಳಿ. ಒಂದು ಚಕ್ರದ ಪಾಲಿಗೆ 275 ಕಿಲೋ. ಪಂಕ್ಚರ್ ಅಂಗಡಿಯಲ್ಲಿ ‘ಮೂವತ್ತೆರಡು ಪೌಂಡ್’ ಎನ್ನುತ್ತಾರಲ್ಲ, ಅದು ಒಂದು ಚದರ ಅಂಗುಲದ ಮೇಲಿನ ಒತ್ತಡ. ನಮ್ಮ ಅಳತೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. 275ನ್ನು ಎರಡೂಕಾಲರಿಂದ ಭಾಗಿಸಿ: 122 ಚದರ ಸೆಂ.ಮೀ. ಅಂಚೆ ಕಚೇರಿಯ ಪೋಸ್ಟ್ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಎಂದರೆ 126 ಚದರ ಸೆಂ.ಮೀ. ಟೈರಿನ ಗೋಡೆಯೂ ತುಸು ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ, ನಿಜ. ಆದರೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡುವ ಕಾರು ರಸ್ತೆಯನ್ನು ಮುಟ್ಟಿರುವುದು ನಾಲ್ಕು ಪೋಸ್ಟ್ ಕಾರ್ಡಿನಷ್ಟು ಜಾಗದಲ್ಲಿ ಮಾತ್ರ. ಬ್ರೇಕು, ತಿರುವು, ಮಳೆಯಲ್ಲಿನ ಹಿಡಿತ ಎಲ್ಲವೂ ಅಲ್ಲಿಯೇ ನಡೆಯಬೇಕು.

ಇನ್ನು ಬೇಸಿಗೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಿಸಿಲು ಎಂಥದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ‘ಬಿಸಿಲಿಗೆ ಟೈರು ಒಡೆಯುತ್ತದೆ, ಸ್ವಲ್ಪ ಗಾಳಿ ಬಿಡು’ ಎಂಬ ಮಾತನ್ನು ಊರೂರಲ್ಲೂ ಕೇಳಬಹುದು. ಕೇಳಲಿಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಬಿಸಿಯಾದ ಗಾಳಿಯ ಒತ್ತಡ ಹೆಚ್ಚುತ್ತದೆಂದು ಪಿಯುಸಿ ಪುಸ್ತಕವೂ ಹೇಳುತ್ತದೆ. ಹಾಗಾದರೆ ಆ ಪುಸ್ತಕವನ್ನೇ ಪೂರ್ತಿ ಓದೋಣ.

ಮುಂಜಾನೆ 22 ಡಿಗ್ರಿಯಲ್ಲಿ 32 ಪೌಂಡ್ ಗಾಳಿ ಇದೆ. ವಾತಾವರಣದ 14.7 ಸೇರಿಸಿದರೆ ನಿಜವಾದ ಒತ್ತಡ 46.7. ಮಧ್ಯಾಹ್ನ ಓಡಿ ಓಡಿ ಟೈರಿನೊಳಗಿನ ಗಾಳಿ 62 ಡಿಗ್ರಿ ಮುಟ್ಟಿತೆನ್ನಿ. ಕೆಲ್ವಿನ್ ಲೆಕ್ಕದಲ್ಲಿ 295 ಇದ್ದದ್ದು 335 ಆಯಿತು. ಒತ್ತಡ 53, ವಾತಾವರಣದ್ದನ್ನು ಕಳೆದರೆ 38 ಪೌಂಡ್. ಬರೀ ಆರು ಪೌಂಡ್ ಏರಿಕೆ. ಟೈರು ತಯಾರಿಸುವವರು ಈ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಆದರೆ ಮಾಲೀಕರು ಅಂಗಡಿಯಲ್ಲಿ ನಿಲ್ಲಿಸಿ ಆ ಆರು ಪೌಂಡನ್ನು ‘ಫುಸ್’ ಎನ್ನಿಸಿದರೆ? ಮರುದಿನ ಮುಂಜಾನೆ ಟೈರು ತಣ್ಣಗಾದಾಗ ಉಳಿಯುವುದು 26 ಮಾತ್ರ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೊಟ್ಟೆ ಬಿಟ್ಟು ಮಡಚುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬೆರಳಿಗೆ ಬಿಸಿ ತಟ್ಟುವಂತೆ ಅದರ ಪಕ್ಕದ ಗೋಡೆ ಕಾಯುತ್ತದೆ, ಕೊನೆಗೊಮ್ಮೆ ಹರಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಟೈರು ಸಿಡಿಯುವುದಕ್ಕೆ ಗಾಳಿ ಹೆಚ್ಚಾದದ್ದಕ್ಕಿಂತ ಕಡಿಮೆಯಾದದ್ದೇ ಹೆಚ್ಚಾಗಿ ಕಾರಣ. ಗಾಳಿಯನ್ನು ಮುಂಜಾನೆ, ಕಾರು ಹೊರಡುವ ಮೊದಲೇ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ತುಂಬಿಸಬಾರದು.

ತಗ್ಗಿಸಿದ ಕಾರಿಗೆ ಇದು ಇನ್ನೂ ಮುಖ್ಯ. ಸ್ಪ್ರಿಂಗಿನ ಎಂಟು ಸುತ್ತಿನಲ್ಲಿ ಎರಡನ್ನು ಕತ್ತರಿಸಿದರೆ ಉಳಿದ ಆರು ಸುತ್ತು ಮೂರನೇ ಒಂದು ಪಾಲು ಹೆಚ್ಚು ಬಿರುಸಾಗುತ್ತದೆ. ಕಾರು ಕುಕ್ಕತೊಡಗುತ್ತದೆ. ಕುಕ್ಕು ತಗ್ಗಲೆಂದು ಟೈರಿನ ಗಾಳಿ ಇಳಿಸುವುದು ಹುಡುಗರ ಉಪಾಯ. ಮತ್ತೆ ಅದೇ 26 ಪೌಂಡಿನ ಕತೆ! ಟೈರಿನ ಅಳತೆ ಬದಲಾಗದಿದ್ದರೆ ಗಾಳಿಯ ಅಂಕಿಯೂ ಬದಲಾಗಕೂಡದು.

ಎರಡನೆಯದು ಚಕ್ರಗಳ ಸಾಲು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರಿಗೆ ಇದನ್ನು ವಿವರಿಸುವುದು ಸುಲಭ. ಮಗ್ಗದ ಮುಂದಿನ ದಿಂಡು, ಹಿಂದಿನ ದಿಂಡು ಸಮಾನಾಂತರವಾಗಿ ಇಲ್ಲದಿದ್ದರೆ ಬಟ್ಟೆ ಓರೆಯಾಗುತ್ತದೆ. ಚಕ್ರಗಳೂ ಹಾಗೆಯೇ. ಕಾರಿನ ಚಕ್ರವನ್ನು ಕೆಳಗಿನ ತೋಳು ಒಂದು ಕಡೆ ಹಿಡಿದಿದೆ, ಸ್ಟೀರಿಂಗಿನ ಟೈ ರಾಡ್ ಇನ್ನೊಂದು ಕಡೆ. ಬೇರೆ ಬೇರೆ ಉದ್ದದ ಈ ಎರಡು ಸರಳುಗಳು ಬೇರೆ ಬೇರೆ ಕೀಲಿನಿಂದ ತೂಗುತ್ತವೆ. ಹೀಗಾಗಿ ಒಂದೊಂದು ಬರೆಯುವ ಕಮಾನು ಒಂದೊಂದು ಬಗೆ. ಕಾರಿನ ಮೈ ನಾಲ್ಕು ಬೆರಳು ಕೆಳಗಿಳಿದರೆ ಎರಡರ ತಾಳಮೇಳ ತಪ್ಪುತ್ತದೆ. ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಇದು ಕ್ಯಾಂಬರ್. ಮೂತಿಯೂ ಒಳಕ್ಕೋ ಹೊರಕ್ಕೋ ತಿರುಗುತ್ತದೆ, ಇದು ಟೋ.

ಕಣ್ಣಿಗೆ ಬೀಳುವುದು ಕ್ಯಾಂಬರ್, ಟೈರನ್ನು ಬೇಗ ತಿನ್ನುವುದು ಟೋ. ಚಕ್ರ ಕಾಲು ಡಿಗ್ರಿ ಓರೆಯಾಗಿದ್ದರೆ ಕಾರು ಪ್ರತಿ ಕಿಲೋಮೀಟರಿಗೆ ಆ ಟೈರನ್ನು ನಾಲ್ಕೂವರೆ ಮೀಟರಿನಷ್ಟು ಅಡ್ಡಕ್ಕೆ ಎಳೆಯುತ್ತದೆ. ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಸುಮಾರು 50 ಕಿ.ಮೀ. ಒಂದು ಸಲ ಹೋಗುವಷ್ಟರಲ್ಲಿ ಟೈರನ್ನು ಇನ್ನೂರು ಮೀಟರಿಗೂ ಹೆಚ್ಚು ಅಡ್ಡಡ್ಡ ಉಜ್ಜಿದ ಹಾಗಾಯಿತು. ಕ್ಯಾಂಬರ್ ಕೂಡ ಕೆಟ್ಟಿದ್ದರೆ ಉಜ್ಜುವುದೆಲ್ಲ ಒಳಗಿನ ಅಂಚಿನಲ್ಲೇ. ಹೊರಗಿನಿಂದ ನೋಡಿದವರಿಗೆ ಟೈರು ಹೊಸದರಂತಿರುತ್ತದೆ. ಒಳಗಿನ ಅಂಚಿನಲ್ಲಿ ತಂತಿ ಕಾಣುತ್ತಿರುತ್ತದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಒಳಗಿನ ಅಂಚನ್ನು ನೋಡುವ ಅಭ್ಯಾಸವನ್ನು ಮನೆಯಲ್ಲಿ ಯಾರಾದರೂ ಒಬ್ಬರು ಇಟ್ಟುಕೊಳ್ಳಬೇಕು.

ಹಾಗಾದರೆ ರೇಸಿನ ಕಾರುಗಳು ಯಾಕೆ ಅಷ್ಟು ತಗ್ಗಾಗಿರುತ್ತವೆ? ಹುಡುಗರ ಪ್ರಶ್ನೆ ನ್ಯಾಯವೇ. ಗುರುತ್ವ ಕೇಂದ್ರ ಕೆಳಗಿದ್ದಷ್ಟೂ ತಿರುವಿನಲ್ಲಿ ಭಾರ ಒಂದೇ ಪಕ್ಕಕ್ಕೆ ವಾಲುವುದು ಕಡಿಮೆ. ಆದರೆ ಅಲ್ಲಿ ತೋಳುಗಳನ್ನೂ ಕೀಲುಗಳನ್ನೂ ಆ ಎತ್ತರಕ್ಕೆಂದೇ ಮಾಡಿರುತ್ತಾರೆ, ರಸ್ತೆಯಲ್ಲಿ ಉಬ್ಬುಗಳೂ ಇರುವುದಿಲ್ಲ. ಊರಿಗೊಂದು ಉಬ್ಬು ದಾಟುವ ಕಾರಿಗೆ ಆ ಲಾಭ ದಕ್ಕುವುದಿಲ್ಲ. ಕಾನೂನೂ ಇದೆ: ನೋಂದಣಿ ಪತ್ರದ ವಿವರಕ್ಕೂ ತಯಾರಕರು ಕೊಟ್ಟ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು.

ಈಗಾಗಲೇ ತಗ್ಗಿಸಿಬಿಟ್ಟಿದ್ದರೆ? ಕತ್ತರಿಸಿದ ಸ್ಪ್ರಿಂಗನ್ನು ತೆಗೆದು ಮೂಲದ್ದನ್ನು ಹಾಕಿಸುವುದೇ ಮೇಲು. ಚಕ್ರ ಜೋತಾಗ ಕತ್ತರಿಸಿದ್ದು ತನ್ನ ಗೂಡಿನಿಂದ ಜಾರಲೂಬಹುದು. ನಂತರ ಅಲೈನ್‌ಮೆಂಟ್. ಅದಕ್ಕೂ ಮೊದಲು ವಿದ್ಯಾರ್ಥಿಗಳು ಮನೆಯಂಗಳದಲ್ಲೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟು ನೆಲದಲ್ಲಿ ಸ್ಟೀರಿಂಗ್ ನೇರವಾಗಿರಲಿ, ಎಂಜಿನ್ ನಿಂತಿರಲಿ. ಮುಂದಿನ ಎರಡೂ ಟೈರುಗಳ ಹಿಂಬದಿಯಲ್ಲಿ, ಚಕ್ರದ ನಡುಮಟ್ಟದ ಎತ್ತರಕ್ಕೆ, ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಕಾರನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಅವೇ ಗುರುತುಗಳು ಮುಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಐದು ಮಿಲಿಮೀಟರು ವ್ಯತ್ಯಾಸ ಬಂದರೆ ಒಂದೊಂದು ಚಕ್ರವೂ ಸರಿಸುಮಾರು ಕಾಲು ಡಿಗ್ರಿ ಓರೆ. ಕ್ಯಾಂಬರಿಗೆ ಗಾರೆಯವರ ತೂಗುಗುಂಡು ಸಾಕು: 14 ಅಂಗುಲದ ರಿಮ್ಮಿನ ಮೇಲಂಚಿಗೂ ಕೆಳಗಿನಂಚಿಗೂ ದಾರದಿಂದ ಇರುವ ದೂರದಲ್ಲಿ ಆರು ಮಿಲಿಮೀಟರು ಹೆಚ್ಚುಕಡಿಮೆಯಾದರೆ ಒಂದು ಡಿಗ್ರಿ.

ಟೋ ಸರಿಪಡಿಸಲು ಟೈ ರಾಡ್ ತಿರುಗಿಸಿದರೆ ಆಯಿತು. ಕ್ಯಾಂಬರ್ ತಿದ್ದುವ ಏರ್ಪಾಟು ಎಷ್ಟೋ ಸಣ್ಣ ಕಾರುಗಳಲ್ಲಿ ಇರುವುದೇ ಇಲ್ಲ. ಇದ್ದರೆ ಅದನ್ನು ಮೊದಲು ತಿದ್ದಿ ಟೋವನ್ನು ಕೊನೆಗೆ ನೋಡಬೇಕು, ಏಕೆಂದರೆ ಅದು ಸರಿದರೆ ಇದೂ ಸರಿಯುತ್ತದೆ. ಯಂತ್ರದ ಮೇಲೆ ಕಾರು ಹತ್ತುವ ಮುನ್ನ ನಾಲ್ಕೂ ಟೈರಿನ ಗಾಳಿ ಚೀಟಿಯಲ್ಲಿರುವಷ್ಟೇ ಇದೆಯೆಂದು ಖಾತ್ರಿ ಮಾಡಿಕೊಳ್ಳಿ. ಒಂದು ಟೈರು ಕುಸಿದಿದ್ದರೂ ಯಂತ್ರ ತೋರಿಸುವ ಕೋನ ತಪ್ಪಾಗಿಯೇ ಬರುತ್ತದೆ.