‘ಧೂಳು ನಮಗೇನು ಹೊಸದೇ?’ ಎನ್ನುವವರಿಗೆ



ವಾಯುಮಾಲಿನ್ಯದ ಮಾತೆತ್ತಿದೊಡನೆ ನಮ್ಮ ಕಡೆ ಕೇಳಿಬರುವ ಉತ್ತರ ಒಂದೇ: “ಅದು ದೆಹಲಿಯವರ ಪಾಡು. ಬಿಜಾಪುರದವರಿಗೆ ಧೂಳೇನು ಹೊಸದೇ?” ಓದಿದವರೂ ಹೀಗೆನ್ನುತ್ತಾರೆ, ಅಧಿಕಾರದಲ್ಲಿರುವವರೂ ಹೀಗೆನ್ನುತ್ತಾರೆ. ಕೇಳಲು ಮುಗ್ಧವಾಗಿರುವ ಈ ಮಾತಿನೊಳಗೆ ಹೊಣೆಯಿಂದ ನುಣುಚಿಕೊಳ್ಳುವ ಜಾಣತನವಿದೆ ಎಂಬುದೇ ನನ್ನ ಆಕ್ಷೇಪ.

ಮೊದಲು ಧೂಳು ಧೂಳಿನ ನಡುವಣ ಭೇದವನ್ನು ತಿಳಿಯೋಣ. ಬೇಸಗೆಯ ಗಾಳಿಗೆ ಎರೆಹೊಲದಿಂದ ಏಳುವ ಮಣ್ಣಿನ ಕಣ ಬಹುಮಟ್ಟಿಗೆ ದಪ್ಪನೆಯದು. ಮೂಗು ಗಂಟಲುಗಳು ಅದರ ಹೆಚ್ಚಿನ ಪಾಲನ್ನು ತಡೆಯುತ್ತವೆ. ಉಳಿದುದನ್ನು ಸೀನಿ, ಕೆಮ್ಮಿ ಹೊರಹಾಕುತ್ತೇವೆ. ಅದೂ ನಿರಪಾಯಕಾರಿಯಲ್ಲ, ದಮ್ಮು ಇದ್ದವರಿಗೆ ಅದೇ ಸಾಕು. ಆದರೆ ಡೀಸೆಲ್, ಕಲ್ಲಿದ್ದಲು, ಪ್ಲಾಸ್ಟಿಕ್, ಸೌದೆಗಳು ಉರಿದಾಗ ಹುಟ್ಟುವ ಕಣದ ಬಗೆಯೇ ಬೇರೆ. ಅದರ ಅಡ್ಡಳತೆ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ, ಎಂದರೆ ತಲೆಗೂದಲೊಂದರ ದಪ್ಪದ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಪಿಎಂ 2.5 ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಈ ಕಣವನ್ನು ಮೂಗು ಹಿಡಿಯಲಾರದು. ಅದು ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೆ ಇಳಿಯುತ್ತದೆ. ಅತಿ ಸೂಕ್ಷ್ಮವಾದದ್ದು ರಕ್ತಕ್ಕೂ ಸೇರುತ್ತದೆ. ಹೃದಯಾಘಾತ, ಲಕ್ವ, ಶ್ವಾಸಕೋಶದ ಕಾಯಿಲೆ, ಹುಟ್ಟುವ ಕೂಸಿನ ತೂಕ ಕುಂದುವುದು, ಬೆಳೆಯುವ ಮಕ್ಕಳ ಶ್ವಾಸಕೋಶ ಪೂರ್ಣ ಬಲಿಯದಿರುವುದು, ಇವೆಲ್ಲಕ್ಕೂ ಇದಕ್ಕೂ ಇರುವ ನಂಟನ್ನು ವೈದ್ಯವಿಜ್ಞಾನ ಗುರುತಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2013ರಲ್ಲಿ ಹೊರಗಾಳಿಯ ಮಾಲಿನ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಅಜ್ಜ ಉಸಿರಾಡಿದ ಧೂಳು ಬೇರೆ, ಮೊಮ್ಮಗ ಉಸಿರಾಡುತ್ತಿರುವ ಧೂಳು ಬೇರೆ.

“ನಮ್ಮ ಹಿರಿಯರು ಇದೇ ಧೂಳಿನಲ್ಲಿ ತೊಂಬತ್ತು ವರ್ಷ ಬಾಳಲಿಲ್ಲವೇ?” ಎಂಬುದು ಎರಡನೆಯ ವಾದ. ತೊಂಬತ್ತು ಬಾಳಿದವರು ಸಾಕ್ಷಿ ಹೇಳಲು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಒಲೆಯ ಹೊಗೆಯಲ್ಲಿ ಊದುಗೊಳವೆ ಹಿಡಿದು, ನಲವತ್ತಕ್ಕೆ ದಮ್ಮಿನಿಂದ ತೀರಿಕೊಂಡ ತಾಯಂದಿರು ಸಾಕ್ಷಿ ಹೇಳಲು ಬರಲಾರರು. ಬದುಕಿ ಉಳಿದವರನ್ನು ಮಾತ್ರ ಎಣಿಸುವ ಲೆಕ್ಕ ಯಾವ ತರಗತಿಯಲ್ಲಿಯೂ ತೇರ್ಗಡೆಯಾಗದು.

ಮೂರನೆಯದು ಅಂಕಿಯ ವಾದ. ನಗರದ ಇಬ್ರಾಹಿಂಪುರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಅದರ ಸೂಚ್ಯಂಕ ‘ಉತ್ತಮ’ ಅಥವಾ ‘ಸಮಾಧಾನಕರ’ ಎಂದ ದಿನ ನಾವು ಬೀಗುತ್ತೇವೆ. ಈ ಪದಗಳ ಅರ್ಥವನ್ನು ತುಸು ಬಿಡಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ ಒಂದು ದಿನದ ಸರಾಸರಿಯಲ್ಲಿ ಪಿಎಂ 2.5 ಪ್ರತಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ದೇಶದ ಸೂಚ್ಯಂಕದಲ್ಲಿ ‘ಉತ್ತಮ’ 30ರವರೆಗೆ ಹೋಗುತ್ತದೆ, ‘ಸಮಾಧಾನಕರ’ 60ರವರೆಗೆ. ಎಂದರೆ ಜಗತ್ತು ಹಾಕಿದ ಗೆರೆಯ ನಾಲ್ಕು ಪಟ್ಟು ಕಣ ತುಂಬಿದ ಗಾಳಿಯೂ ನಮಗೆ ಸಮಾಧಾನ ತರಬಲ್ಲದು! ಪಾಸಾಗುವ ಅಂಕವನ್ನು ಇಳಿಸಿ, ನೂರಕ್ಕೆ ನೂರು ಫಲಿತಾಂಶ ಬಂತೆಂದು ಹಾರ ಹಾಕಿಸಿಕೊಳ್ಳುವ ಶಾಲೆಗೂ ಇದಕ್ಕೂ ಏನು ವ್ಯತ್ಯಾಸ? 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ, ಹುಬ್ಬಳ್ಳಿ-ಧಾರವಾಡಗಳು ಸೇರಿದವು, ವಿಜಯಪುರ ಸೇರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿರುವುದು ಆರೋಗ್ಯದ ಪ್ರಮಾಣಪತ್ರವಲ್ಲ. ಅಲ್ಲದೆ ಕೇಂದ್ರದ ಯಂತ್ರ ತಾನು ನಿಂತಲ್ಲಿನ ಗಾಳಿಯನ್ನು ಅಳೆಯುತ್ತದೆ. ಗಾಂಧಿ ಚೌಕದಲ್ಲಿ ದಿನವಿಡೀ ಟಂಟಂ ಹೊಗೆಯ ನಡುವೆ ಕೈಗಾಡಿ ಇಟ್ಟು ನಿಂತ ಹಣ್ಣಿನ ವ್ಯಾಪಾರಿಯ ಎದೆಯನ್ನು ಅಳೆಯುವವರು ಯಾರು?

ಲಂಡನ್ನಿನವರೂ ಒಂದು ಕಾಲಕ್ಕೆ “ಹೊಗೆಮಂಜು ನಮಗೇನು ಹೊಸದೇ?” ಎಂಬ ನೆಮ್ಮದಿಯಲ್ಲಿಯೇ ಇದ್ದರು. 1952ರ ಡಿಸೆಂಬರ್ 5ರಿಂದ 9ರವರೆಗೆ ಕಲ್ಲಿದ್ದಲ ಹೊಗೆ ನಗರದ ಮೇಲೆ ಕವಿದು ನಿಂತಿತು. ಸತ್ತವರು ಸುಮಾರು 4,000 ಎಂದು ಆಗಿನ ಲೆಕ್ಕ. 12,000ದಷ್ಟಿರಬಹುದೆಂದು ನಂತರದ ಸಂಶೋಧಕರ ಅಂದಾಜು. ಅಷ್ಟು ಹೆಣಗಳು ಉರುಳಿದ ಮೇಲೆ, 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂದಿತು. ನಾವೂ ಹೆಣಗಳನ್ನು ಎಣಿಸಿಯೇ ಏಳಬೇಕೇ?

ನಮ್ಮ ಪೂರ್ವಿಕರ ವಿವೇಕ ಇದಕ್ಕಿಂತ ದೊಡ್ಡದಿತ್ತು. ಆದಿಲ್‌ಶಾಹಿ ಕಾಲದಲ್ಲಿ ನಮ್ಮ ತೊರವಿಯ ಕಡೆಯಿಂದ ನೆಲದಡಿಯ ಸುರಂಗ ಕಾಲುವೆಗಳಲ್ಲಿ ಬಿಜಾಪುರಕ್ಕೆ ನೀರು ಒಯ್ದರು. ಸುರಂಗ ಬಾವಿ ಅದರ ಕುರುಹಾಗಿ ಇಂದಿಗೂ ಇದೆ. “ಬರ ನಮಗೇನು ಹೊಸದೇ?” ಎಂದು ಅವರು ಕೈಕಟ್ಟಿ ಕೂರಲಿಲ್ಲ. ಪ್ರಜೆಗೆ ನೀರು ಒದಗಿಸುವುದು ಆಳುವವರ ಕರ್ತವ್ಯವೆಂದು ನಾಲ್ಕು ಶತಮಾನದ ಹಿಂದೆಯೇ ತಿಳಿದಿದ್ದ ಊರಿನಲ್ಲಿ, ಗಾಳಿ ಮಾತ್ರ ಅವರವರ ಹಣೆಬರಹವೇ? ನೀರು ಕೆಟ್ಟರೆ ಕಾಯಿಸಿ ಕುಡಿಯಬಹುದು, ಕ್ಯಾನು ತರಿಸಬಹುದು. ದಿನಕ್ಕೆ ಸುಮಾರು ಇಪ್ಪತ್ತು ಸಾವಿರ ಸಲ ಎಳೆಯುವ ಉಸಿರನ್ನು ಎಲ್ಲಿಂದ ತರಿಸುವಿರಿ?

ನಿಮ್ಮಲ್ಲಿ ಗುತ್ತಿಗೆದಾರರಿದ್ದೀರಿ, ಎಂಜಿನಿಯರರಿದ್ದೀರಿ, ವೈದ್ಯರಿದ್ದೀರಿ, ಬಬಲೇಶ್ವರದ ಕಡೆ ಕಬ್ಬು ಬೆಳೆಯುವವರಿದ್ದೀರಿ. ಆದ್ದರಿಂದ ಹೆಸರು ಹಿಡಿಯದೆ ಕೇಳುತ್ತೇನೆ. ಉಸುಕು, ಖಡಿ ಸಾಗಿಸುವ ನಿಮ್ಮ ಲಾರಿಗೆ ತಾಡಪತ್ರಿ ಹೊದಿಸಲು ಎಷ್ಟು ಖರ್ಚು? ಡಾಂಬರು ಹಾಕಿದ ರಸ್ತೆಯ ಅಂಚನ್ನು ಮಣ್ಣಾಗಿಯೇ ಬಿಟ್ಟು ಬಿಲ್ಲು ಬರೆಯುವುದು ಯಾವ ನ್ಯಾಯ? ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವ ಬದಲು ಹೊಲಕ್ಕೇ ಹೊದಿಕೆಯಾಗಿ ಬಿಟ್ಟರೆ ತೇವವೂ ಉಳಿದೀತು, ಮಣ್ಣಿಗೆ ಕಸುವೂ ಬಂದೀತು. ಮುಂಜಾನೆ ಗುಡಿಸಿದ ಕಸಕ್ಕೆ ಅಲ್ಲಿಯೇ ಕಡ್ಡಿ ಗೀರುವುದನ್ನು ನೋಡಿ ಸುಮ್ಮನೆ ದಾಟುವ ನಾವೆಲ್ಲರೂ ಅಪರಾಧದ ಪಾಲುದಾರರು. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿಯೇ ನಿಷೇಧಿಸಿ, 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲ ವಿದ್ಯುತ್ ಸ್ಥಾವರವೇ ಇದೆ. ಅದರ ಸುತ್ತಣ ಗಾಳಿಯ ಅಳತೆಯನ್ನು ಹಳ್ಳಿಯ ಚಾವಡಿಯಲ್ಲಿ, ಕನ್ನಡದಲ್ಲಿ, ಪ್ರತಿದಿನ ಬರೆದು ತೂಗುಹಾಕಿರೆಂದು ಕೇಳುವುದು ನಮ್ಮ ಹಕ್ಕು.

ಧೂಳು ನಮಗೆ ಹೊಸದಲ್ಲ, ಒಪ್ಪಿದೆ. ಹೊಸದಾಗಬೇಕಾದದ್ದು ನಮ್ಮ ನಾಚಿಕೆ. ಹೊಲದ ಮಣ್ಣಿಗೆ ನಾವು ಋಣಿಗಳು. ನಾವೇ ಹಚ್ಚಿದ ಬೆಂಕಿಯ ಹೊಗೆಯನ್ನು ಆ ಮಣ್ಣಿನ ಲೆಕ್ಕಕ್ಕೆ ಬರೆಯುವುದನ್ನು ಇನ್ನಾದರೂ ನಿಲ್ಲಿಸೋಣ.