ಎರಡು ನೀಲಿ ಫಲಕಗಳು

ಲಂಡನ್ ನೋಡಿಬಂದ ಕನ್ನಡಿಗರ ಮಾತಿನಲ್ಲಿ ಮೂರು ಸ್ಥಳಗಳು ತಪ್ಪದೆ ಬರುತ್ತವೆ: ಬಕಿಂಗ್‌ಹ್ಯಾಮ್ ಅರಮನೆ, ಬ್ರಿಟಿಷ್ ಮ್ಯೂಸಿಯಂ ಮತ್ತು 2015ರ ನವೆಂಬರಿನಲ್ಲಿ ಥೇಮ್ಸ್ ದಂಡೆಯಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆ. ಇವನ್ನು ನಾನೂ ನೋಡಿದೆ. ಆದರೆ ಶಿಗ್ಗಾಂವ ಸೀಮೆಯವನಾದ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಲ್ಲಿನ ಹಳೆಯ ಮನೆಗಳ ಗೋಡೆಯ ಮೇಲಿನ ದುಂಡನೆಯ ನೀಲಿ ಫಲಕಗಳು.

1866ರಲ್ಲಿ ಆರಂಭವಾದ ಪದ್ಧತಿಯಿದು. ಇಲ್ಲಿದ್ದವರು ಯಾರು, ಯಾವಾಗ ಇದ್ದರು ಎಂಬುದನ್ನು ಫಲಕವು ನಾಲ್ಕೈದು ಸಾಲುಗಳಲ್ಲಿ ಹೇಳಿ ಮುಗಿಸುತ್ತದೆ. ಹ್ಯಾಂಪ್‌ಸ್ಟೆಡ್‌ನ ಮನೆಯೊಂದರಲ್ಲಿ ರವೀಂದ್ರನಾಥ ಠಾಕೂರರು 1912ರಲ್ಲಿ ಕೆಲಕಾಲ ತಂಗಿದ್ದರು. ಅಷ್ಟಕ್ಕೇ ಆ ಮನೆಗೊಂದು ಫಲಕ ದೊರೆತಿದೆ.

ನಮ್ಮ ಸಂರಕ್ಷಿತ ಸ್ಮಾರಕಗಳ ಮುಂದೆಯೂ ಸಾಮಾನ್ಯವಾಗಿ ನೀಲಿ ಫಲಕವೇ ಇರುತ್ತದೆ. ಅದು ಹೇಳುವುದು ಸ್ಮಾರಕದ ಕಥೆಯನ್ನಲ್ಲ. ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಎಚ್ಚರಿಕೆಯನ್ನು. ಕಾನೂನು ಬೇಕು, ನಿಜ. ಆದರೆ ಸ್ಥಳದ ಮಹತ್ವ ತಿಳಿಸದೆ ಶಿಕ್ಷೆಯನ್ನಷ್ಟೇ ತಿಳಿಸುವುದು ಅತಿಥಿಯನ್ನು ಕಳ್ಳನೆಂದು ಬಗೆದಂತೆ.

ಶಿಗ್ಗಾಂವ ತಾಲ್ಲೂಕಿನ ಬಂಕಾಪುರವನ್ನೇ ನೋಡಿ. ರಾಷ್ಟ್ರಕೂಟ ದೊರೆ ಅಮೋಘವರ್ಷನ ದಂಡನಾಯಕ ಬಂಕೆಯನಿಂದ ಈ ಊರಿಗೆ ಹೆಸರು ಬಂತು. ಗಂಗ ದೊರೆ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟದ್ದು ಇಲ್ಲಿಯೇ. ಶ್ರವಣಬೆಳಗೊಳದ ಶಾಸನ ಅದನ್ನು ಹೇಳುತ್ತದೆ. ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದೇ ಜನ ಕರೆಯುವ ನಗರೇಶ್ವರ ದೇವಾಲಯವಿದೆ, ನವಿಲುಗಳ ನೆಲೆಯಿದೆ. ಅದೇ ತಾಲ್ಲೂಕಿನಲ್ಲಿ ಕನಕದಾಸರು ಹುಟ್ಟಿದ ಬಾಡ, ಶರೀಫ ಸಾಹೇಬರ ಶಿಶುನಾಳ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಿವೆ. ಪುಣೆ–ಬೆಂಗಳೂರು ಹೆದ್ದಾರಿ ಈ ಸೀಮೆಯನ್ನು ಹಾದೇ ಹೋಗುತ್ತದೆ. ವಾಹನಗಳು ಮಾತ್ರ ನಿಲ್ಲುವುದಿಲ್ಲ.

ಲಂಡನ್ನಿನೊಡನೆ ಶಿಗ್ಗಾಂವವನ್ನು ಹೋಲಿಸುವುದು ಹುಚ್ಚುತನವೆಂದು ಕೆಲವರು ನಗಬಹುದು. ಆ ನಗರದ ಸಿರಿಯಲ್ಲಿ ನಮ್ಮಂಥ ನಾಡುಗಳ ಪಾಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಹುಲಿ ಇಂದಿಗೂ ಅಲ್ಲಿದೆ. ಆದರೆ ಒಂದು ಫಲಕ ಬರೆಯಿಸಲು ಸಾಮ್ರಾಜ್ಯವೇನೂ ಬೇಕಿಲ್ಲ. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎಂಬ ಪರಿಕಲ್ಪನೆಯಿದೆ: ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದ ವಸ್ತು. ಮಾಹಿತಿ ಅಂಥದು. ಅದರಿಂದ ಲಾಭ ಮಾಡಿಕೊಳ್ಳಲಾಗದ ಕಾರಣ ಖಾಸಗಿಯವರು ಅದಕ್ಕೆ ಹಣ ಹೂಡುವುದಿಲ್ಲ, ಸರ್ಕಾರವೇ ಹೂಡಬೇಕು. ಪ್ರವಾಸಿ ಒಂದು ಗಂಟೆ ಹೆಚ್ಚು ನಿಂತರೆ ಚಹಾದಂಗಡಿಗೆ, ಖಾನಾವಳಿಗೆ, ಆಟೋದವನಿಗೆ ಸಿಗುವ ವ್ಯಾಪಾರವೇ ಅದರ ಪ್ರತಿಫಲ.

ನಮ್ಮ ಪ್ರವಾಸೋದ್ಯಮ ಯೋಜನೆಗಳು ಕಮಾನು, ಪ್ರತಿಮೆ, ಭವನಗಳನ್ನು ಪ್ರೀತಿಸುತ್ತವೆ. ಅವಕ್ಕೆ ಶಂಕುಸ್ಥಾಪನೆಯುಂಟು, ಉದ್ಘಾಟನೆಯುಂಟು. ಶಾಸನವೊಂದರ ಅರ್ಥವನ್ನು ತಿಳಿಗನ್ನಡದಲ್ಲಿ ಬರೆದು ನಿಲ್ಲಿಸುವ ಕೆಲಸಕ್ಕೆ ರಿಬ್ಬನ್ ಕತ್ತರಿಸುವವರಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ತರಬೇತಿಯಿತ್ತು ಮಾರ್ಗದರ್ಶಕರನ್ನಾಗಿ ಮಾಡಬಹುದು. ಬಾಡ, ಬಂಕಾಪುರ, ಶಿಶುನಾಳಗಳನ್ನು ಜೋಡಿಸುವ ಬಸ್ಸೊಂದನ್ನು ಭಾನುವಾರವಾದರೂ ಓಡಿಸಬಹುದು. ಎಲ್ಲಕ್ಕಿಂತ ಮೊದಲು, ದಂಡದ ಮೊತ್ತ ತಿಳಿಸುವ ಫಲಕದ ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಫಲಕ ನಿಲ್ಲಲಿ. ಏನನ್ನು ಕಾಯಬೇಕೆಂದು ತಿಳಿದ ಜನರೇ ಅದನ್ನು ಕಾಯುತ್ತಾರೆ.