ಕಸಿಯಾದ ಮೇಲೆ ಕಣ್ಣು ಹಳದಿಯಾದರೆ

ದಿಬ್ಬೂರಹಳ್ಳಿಯ ಸುತ್ತಿನ ಮನೆಗಳಲ್ಲಿ ಯಾರದಾದರೂ ಕಣ್ಣು ಹಳದಿಯಾಯಿತೆಂದರೆ ಹಿರಿಯರು ನೆಲನೆಲ್ಲಿಯನ್ನು ಅರೆದು ಮಜ್ಜಿಗೆಯಲ್ಲಿ ಕದಡಿ ಕೊಡುವುದುಂಟು. ಆ ಅಕ್ಕರೆಯನ್ನು ನಾವು ಹಳಿಯುವುದಿಲ್ಲ. ಆದರೆ ರಕ್ತದ ಕ್ಯಾನ್ಸರಿಗೋ ಥಲಸ್ಸೀಮಿಯಕ್ಕೋ ರಕ್ತದ ಆಕರಕೋಶಗಳ ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ ಅದೇ ಬಟ್ಟಲು ಕೇಡು ತರಬಹುದು.

ಅಸ್ಥಿಮಜ್ಜೆಯ ಕಸಿ ನಮ್ಮ ದೇಶದಲ್ಲಿ ಮೊದಲು ಯಶಸ್ವಿಯಾದುದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ಇಂದು ಬೆಂಗಳೂರಿನಲ್ಲಿಯೇ ದೊರೆಯುತ್ತದೆ. ಕಸಿಗೆ ಮುನ್ನ ರೋಗಿಯ ಮಜ್ಜೆಯನ್ನು ಪ್ರಬಲ ಔಷಧಗಳಿಂದ ಬರಿದುಮಾಡುತ್ತಾರೆ. ಅವುಗಳ ತಾಪ ಯಕೃತ್ತಿಗೂ ತಟ್ಟುತ್ತದೆ. ಅಲ್ಲಿನ ಸೂಕ್ಷ್ಮ ರಕ್ತನಾಳಗಳ ಒಳಪದರ ಕೆಟ್ಟು, ರಕ್ತ ಮುಂದೆ ಹರಿಯದೆ ಕಟ್ಟಿಕೊಳ್ಳುತ್ತದೆ. ಹೆಚ್ಚಾಗಿ ಮೊದಲ ಮೂರು ವಾರಗಳಲ್ಲಿ, ಕೆಲವರಲ್ಲಿ ತಡವಾಗಿ. ಊಟ ಸೇರದಿದ್ದರೂ ತೂಕ ಏರುವುದು, ಬಲಪಕ್ಕೆಯ ಕೆಳಗೆ ನೋವು, ಹೊಟ್ಟೆಯಲ್ಲಿ ನೀರು, ಕಾಮಾಲೆ ಇವು ಕುರುಹುಗಳು. ದಿನವೂ ತೂಕ ನೋಡುವುದು ಇದಕ್ಕಾಗಿಯೇ. ರೇಷ್ಮೆಗೂಡನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿಸುವ ನಮ್ಮವರಿಗೆ ಇದು ಹೊಸದಲ್ಲ. 50 ಕಿಲೋ ತೂಗುವವರು ಕೆಲವೇ ದಿನಗಳಲ್ಲಿ ಎರಡೂವರೆ ಕಿಲೋ ಏರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಬಾರದಂತೆ ತಡೆಯಲು ಅರ್ಸೋಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದುಂಟು. ಉಲ್ಬಣಿಸಿದರೆ ಡಿಫೈಬ್ರೋಟೈಡ್ ಎಂಬ ಔಷಧವಿದೆ, ಬೆಲೆ ಮಾತ್ರ ಬಡವರ ಕೈಗೆ ಎಟುಕದು.

ಈ ಬೇನೆ ಕಸಿಯಿಲ್ಲದೆಯೂ ಬಂದಿದೆ. ಜಮೈಕಾ ದ್ವೀಪದಲ್ಲಿ ಕಾಡುಸೊಪ್ಪಿನ ಕಷಾಯ ಕುಡಿದ ಮಕ್ಕಳಲ್ಲಿ ಇದನ್ನು ವೈದ್ಯರು 1954ರಲ್ಲಿ ವರ್ಣಿಸಿದರು. 1970ರ ದಶಕದಲ್ಲಿ, ಇಂದು ಛತ್ತೀಸಗಢದಲ್ಲಿರುವ ಸರಗುಜ ಸೀಮೆಯಲ್ಲಿ, ಸಾಮೆಯೊಡನೆ ವಿಷಬೀಜ ಬೆರೆತು ಅನೇಕರು ಹೊಟ್ಟೆ ಊದಿಕೊಂಡು ತೀರಿದರು. ಗಿಡಮೂಲಿಕೆಯಾದ ಮಾತ್ರಕ್ಕೆ ನಿರಪಾಯವೆಂದು ನಂಬುವಂತಿಲ್ಲ. ಕಸಿಯಾದವರ ರೋಗನಿರೋಧ ಶಕ್ತಿ ಕುಗ್ಗಿರುವುದರಿಂದ ಹಸಿಸೊಪ್ಪಿನಲ್ಲಿರುವ ಸೂಕ್ಷ್ಮಾಣುವೂ ಅಪಾಯವೇ.

ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಾಮಾಲೆ ಕಂಡರೆ ಕಾರಣ ಬೇರೆಯಿರಬಹುದು. ದಾನಿಯ ಕೋಶಗಳು ರೋಗಿಯ ಯಕೃತ್ತನ್ನು ಪರಕೀಯವೆಂದು ಬಗೆದು ಆಕ್ರಮಿಸುವುದುಂಟು. ಆಗ ರೋಗನಿರೋಧವನ್ನು ತಗ್ಗಿಸುವ ಸ್ಟೀರಾಯ್ಡ್ ಬೇಕು. ಹಿಂದೆಂದೋ ತಗುಲಿ ಅಡಗಿದ್ದ ಹೆಪಟೈಟಿಸ್ ಬಿ ವೈರಾಣು ಮರುಕಳಿಸಿದ್ದರೆ ಎಂಟೆಕಾವಿರ್‌ನಂತಹ ಮಾತ್ರೆ ಬೇಕು. ಅದಿಲ್ಲದೆ ಸ್ಟೀರಾಯ್ಡ್ ಕೊಟ್ಟರೆ ವೈರಾಣುವಿಗೇ ಬಲ ಬರುತ್ತದೆ. ಶಿಲೀಂಧ್ರ ತಡೆಯುವ ಔಷಧಗಳಿಂದಲೂ ಕಣ್ಣು ಹಳದಿಯಾಗಬಹುದು. ಥಲಸ್ಸೀಮಿಯದ ಮಕ್ಕಳಲ್ಲಿ, ವರ್ಷಗಟ್ಟಲೆ ರಕ್ತ ಏರಿಸಿಕೊಂಡದ್ದರಿಂದ ಯಕೃತ್ತಿನಲ್ಲಿ ಶೇಖರವಾದ ಕಬ್ಬಿಣವನ್ನು ಕಸಿಯ ನಂತರವೂ ಇಳಿಸಬೇಕಾಗುತ್ತದೆ.

ಕಣ್ಣಿನ ಬಣ್ಣ ನೋಡಿ ಇವುಗಳನ್ನು ಬೇರ್ಪಡಿಸಲು ಯಾರಿಂದಲೂ ಆಗದು. ರಕ್ತಪರೀಕ್ಷೆ ಬೇಕು, ಕೆಲವೊಮ್ಮೆ ಯಕೃತ್ತಿನ ಚೂರು ತೆಗೆದು ನೋಡಬೇಕು. ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬಾರದು, ಸೇರಿಸಲೂಬಾರದು. ಕಸಿ ಮಾಡಿದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಮೂತ್ರ ಗಾಢ ಹಳದಿಯಾದರೆ, ಹೊಟ್ಟೆ ಊದಿದರೆ, ಮಂಪರು ಕವಿದರೆ, ಬೆಳಗಾಗಲೆಂದು ಕಾಯದೆ ಹೊರಡಿ.